ಫೈಲ್ 192, ರಿಸೀವರ್‌ನಲ್ಲಿ 48: ಸ್ಯಾಂಪಲ್ ರೇಟ್ ಎಲ್ಲಿ ಬದಲಾಗುತ್ತಿದೆ ಎಂದು ಹುಡುಕುವುದು ಹೇಗೆ?

"ಫೈಲ್ 24 ಬಿಟ್, 192 ಕಿಲೋಹರ್ಟ್ಜ್. ರಿಸೀವರ್ ಮಾತ್ರ 48 ತೋರಿಸ್ತಿದೆ. ಕೇಬಲ್ ಬದಲಾಯಿಸಬೇಕಾ, ರಿಸೀವರನ್ನೇ ಬದಲಾಯಿಸಬೇಕಾ?" ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಹೆಚ್ಚಿನ ಸಲ ಎರಡೂ ಬೇಕಾಗಿಲ್ಲ. ಫೈಲ್‌ನಿಂದ ಸ್ಪೀಕರ್ ತನಕ ಹಾಡು ನಾಲ್ಕೈದು ಕೈ ದಾಟಿ ಬರುತ್ತದೆ: ಪ್ಲೇಯರ್ ಆಪ್, ಆಪರೇಟಿಂಗ್ ಸಿಸ್ಟಮ್, ಕೇಬಲ್, ಕೆಲವು ಮನೆಗಳಲ್ಲಿ ನಡುವೆ ಒಂದು ಟಿವಿ, ಕೊನೆಗೆ ರಿಸೀವರ್, ಅಂದರೆ ಸ್ಪೀಕರ್‌ಗಳಿಗೆ ಧ್ವನಿ ಕೊಡುವ ಪೆಟ್ಟಿಗೆ. ಇವುಗಳಲ್ಲಿ ಯಾವುದೋ ಒಂದು, ನಿಮಗೆ ಹೇಳದೆ ಕೇಳದೆ, ಅಂಕಿಯನ್ನು ಬದಲಾಯಿಸಿರುತ್ತದೆ. ಅದು ಯಾವುದು ಎಂದು ಹಿಡಿದರೆ ಅರ್ಧ ಕೆಲಸ ಮುಗಿಯಿತು. ಸಿಕ್ಕ ಸಿಕ್ಕ ಸೆಟ್ಟಿಂಗ್ ಒತ್ತಿ ನೋಡುವುದಕ್ಕಿಂತ ಒಂದು ತುದಿಯಿಂದ ಶುರು ಮಾಡಿ ಒಂದೊಂದೇ ಕೊಂಡಿ ಪರೀಕ್ಷಿಸುತ್ತಾ ಹೋಗುವುದು ಬೇಗ ಆಗುತ್ತದೆ.

ಮೊದಲು ಕೆಲವು ಪದಗಳು

ಸ್ಯಾಂಪಲ್ ರೇಟ್ ಅಂದರೆ ಒಂದು ಸೆಕೆಂಡಿನಲ್ಲಿ ಧ್ವನಿಯನ್ನು ಎಷ್ಟು ಸಲ ಅಳೆದು ಅಂಕಿಯಾಗಿ ಬರೆದಿಟ್ಟಿದ್ದಾರೆ ಎಂಬ ಲೆಕ್ಕ. ಸಿಡಿಯಲ್ಲಿ ಅದು 44,100 ಸಲ, ಅಂದರೆ 44.1 ಕಿಲೋಹರ್ಟ್ಜ್. ಇಲ್ಲಿಂದ ಮುಂದೆ ಬರೀ 48, 96 ಎಂದು ಬರೆದಿದ್ದರೆ ಕಿಲೋಹರ್ಟ್ಜ್ ಎಂದೇ ಓದಿಕೊಳ್ಳಿ. ಬಿಟ್ ಡೆಪ್ತ್ ಅಂದರೆ ಒಂದೊಂದು ಅಳತೆಯನ್ನೂ ಎಷ್ಟು ಸೂಕ್ಷ್ಮವಾಗಿ ಬರೆದಿದ್ದಾರೆ ಎಂಬುದು. ಸಿಡಿಗೆ 16, ಹೈ-ರೆಸ್ ಫೈಲ್‌ಗಳಿಗೆ, ಅಂದರೆ ಸಿಡಿಗಿಂತ ಹೆಚ್ಚು ವಿವರ ಇರುವವಕ್ಕೆ, ಸಾಮಾನ್ಯವಾಗಿ 24. ಪಿಸಿಎಂ ಅಂದರೆ ಈ ಅಂಕಿಗಳನ್ನು ಕುಗ್ಗಿಸದೆ ಹಾಗೇ ಕಳಿಸುವ ರೂಪ. ಫ್ಲಾಕ್ ಫೈಲ್, ಅಂದರೆ ಗುಣಮಟ್ಟ ಕಳೆಯದೆ ಕುಗ್ಗಿಸಿಟ್ಟದ್ದು, ಆಡಿದಾಗ ಪ್ಲೇಯರ್ ಅದನ್ನು ಬಿಚ್ಚಿ ಪಿಸಿಎಂ ಮಾಡಿಯೇ ಕೇಬಲ್‌ಗೆ ಹಾಕುತ್ತದೆ. ಹಾಗಾಗಿ ರಿಸೀವರ್ "ಪಿಸಿಎಂ" ಎಂದು ತೋರಿಸಿದರೆ ಗಾಬರಿ ಬೇಡ, ಅದೇ ಸರಿ.

ರಿಸ್ಯಾಂಪ್ಲಿಂಗ್ ಅಂದರೆ ಒಂದು ರೇಟ್‌ನಲ್ಲಿರುವ ಅಂಕಿಗಳನ್ನು ಲೆಕ್ಕ ಹಾಕಿ ಬೇರೆ ರೇಟ್‌ಗೆ ಬದಲಾಯಿಸುವುದು. ನಾವು ಹುಡುಕುತ್ತಿರುವ ಅಪರಾಧಿ ಇದೇ.

ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಸ್ಯಾಂಪಲ್ ರೇಟ್‌ಗಳಲ್ಲಿ ಎರಡು ಕುಟುಂಬಗಳಿವೆ. ಒಂದು ಸಿಡಿಯ ಕಡೆಯದು: 44.1, 88.2, 176.4. ಇನ್ನೊಂದು ವಿಡಿಯೊ ಕಡೆಯದು: 48, 96, 192. ಒಂದೇ ಕುಟುಂಬದೊಳಗೆ ಮುಂದಿನದು ಹಿಂದಿನದರ ಸರಿಯಾಗಿ ಎರಡರಷ್ಟು.

ಹಂತ 1: ಪರೀಕ್ಷೆಯ ಫೈಲ್‌ಗಳನ್ನು ಜೋಡಿಸಿಕೊಳ್ಳಿ, ರಿಸೀವರ್ ಏನು ಹೇಳುತ್ತದೆ ನೋಡಿ

ಬೇರೆ ಬೇರೆ ರೇಟ್‌ನ ಫ್ಲಾಕ್ ಫೈಲ್‌ಗಳು ಬೇಕು: 44.1, 48, 88.2, 96, 192. ಇಲ್ಲದಿದ್ದರೆ ಒಂದೇ ಹಾಡನ್ನು ಆಡಾಸಿಟಿ ಎಂಬ ಧ್ವನಿ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ತೆರೆದು ಐದು ರೇಟ್‌ಗಳಲ್ಲಿ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಗುಣಮಟ್ಟ ಇಲ್ಲಿ ಮುಖ್ಯ ಅಲ್ಲ, ಯಾವ ಅಂಕಿ ದಾಟುತ್ತದೆ ಎಂದು ನೋಡುವುದಷ್ಟೇ ಬೇಕು.

ಈಗ ನೀವು ದಿನವೂ ಕೇಳುವ ರೀತಿಯಲ್ಲೇ ಒಂದೊಂದನ್ನೂ ಆಡಿಸಿ. ರಿಸೀವರ್ ರಿಮೋಟ್‌ನಲ್ಲಿ ಇನ್ಫೋ, ಸ್ಟೇಟಸ್ ಅಥವಾ ಡಿಸ್‌ಪ್ಲೇ ಎಂಬ ಬಟನ್ ಇರುತ್ತದೆ. ಒತ್ತಿದರೆ ಒಳಗೆ ಬರುತ್ತಿರುವ ಸಿಗ್ನಲ್‌ನ ರೂಪ ಮತ್ತು ರೇಟ್ ಕಾಣುತ್ತದೆ. ಕೆಲವು ಮಾದರಿಗಳಲ್ಲಿ ಸೆಟಪ್ ಮೆನುವಿನ ಆಡಿಯೊ ಮಾಹಿತಿ ಪುಟದೊಳಗೆ ಹೋಗಿ ನೋಡಬೇಕು. ಪ್ರತಿ ಫೈಲ್‌ಗೂ ಕಂಡ ಅಂಕಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ನೆನಪಿನ ಮೇಲೆ ನಂಬಿಕೆ ಇಡಬೇಡಿ, ಮೂರನೇ ಫೈಲ್ ಹೊತ್ತಿಗೆ ಎಲ್ಲಾ ಕಲಸಿಹೋಗುತ್ತದೆ.

ಬರೆದ ಪಟ್ಟಿಯೇ ಬಹಳಷ್ಟು ಹೇಳಿಬಿಡುತ್ತದೆ. ಐದಕ್ಕೂ ಒಂದೇ ಅಂಕಿ ಬಂದಿದೆಯಾ? ಹಾಗಾದರೆ ನಡುವೆ ಯಾರೋ ಎಲ್ಲವನ್ನೂ ಒಂದೇ ರೇಟ್‌ಗೆ ಬದಲಾಯಿಸುತ್ತಿದ್ದಾರೆ, ಬಹುಮಟ್ಟಿಗೆ ಆಪರೇಟಿಂಗ್ ಸಿಸ್ಟಮ್ ಅಥವಾ ಸ್ಟ್ರೀಮಿಂಗ್ ಪೆಟ್ಟಿಗೆ. 44.1 ಮತ್ತು 48 ಸರಿಯಾಗಿ ಬಂದು, 88.2 ಮಾತ್ರ 44.1 ಆಗಿ, 96 ಮಾತ್ರ 48 ಆಗಿ ಇಳಿದಿದೆಯಾ? ಅಂದರೆ ಯಾವುದೋ ಕೊಂಡಿಯ ಮಿತಿ 48ರಲ್ಲಿದೆ, ಆದರೆ ಅದು ಕುಟುಂಬ ನೋಡಿಕೊಂಡು ಅರ್ಧಕ್ಕೆ ಇಳಿಸುವಷ್ಟು ಜಾಣತನ ತೋರಿಸುತ್ತಿದೆ. 96ರ ತನಕ ಎಲ್ಲಾ ಸರಿ, 192ಕ್ಕೆ ಮೌನ ಅಥವಾ ಕಟ್ ಕಟ್ ಶಬ್ದವಾ? ಮೊದಲ ಅನುಮಾನ ಕೇಬಲ್ ಮೇಲೆ, ಅದರಲ್ಲೂ ಆಪ್ಟಿಕಲ್ ಮೇಲೆ.

ಎಚ್ಚರಿಕೆ: ಐದೂ ಫೈಲ್‌ಗೆ ರಿಸೀವರ್ 192 ಎಂದು ತೋರಿಸಿದರೆ ಖುಷಿ ಪಡಬೇಡಿ. ಅದೂ ಅದೇ ತೊಂದರೆ, ದಿಕ್ಕು ಮಾತ್ರ ಬೇರೆ. ಸಿಡಿ ರೇಟ್‌ನ ಹಾಡನ್ನು 192ಕ್ಕೆ ಏರಿಸುವುದು ಸಣ್ಣ ಫೋಟೋವನ್ನು ದೊಡ್ಡ ಹಾಳೆಯ ಮೇಲೆ ಪ್ರಿಂಟ್ ಹಾಕಿದ ಹಾಗೆ. ಹೊಸ ವಿವರ ಎಲ್ಲಿಂದಲೂ ಬರುವುದಿಲ್ಲ. ದೊಡ್ಡ ಅಂಕಿ ಕಾಣುವುದಲ್ಲ, ಫೈಲ್‌ನ ಅಂಕಿಯೂ ರಿಸೀವರ್‌ನ ಅಂಕಿಯೂ ಒಂದೇ ಆಗಿರುವುದು ಮುಖ್ಯ.

ಹಂತ 2: ಫೈಲ್ ಅಥವಾ ಸ್ಟ್ರೀಮ್ ನಿಜಕ್ಕೂ ಹೈ-ರೆಸ್ ಹೌದಾ?

ಫೈಲ್ ಆದರೆ ಮೀಡಿಯಾಇನ್ಫೋ ಅಥವಾ ಫೂಬಾರ್2000ನಲ್ಲಿ ತೆರೆದು ಪ್ರಾಪರ್ಟೀಸ್ ನೋಡಿ. ವಿಎಲ್‌ಸಿಯಲ್ಲೂ ಟೂಲ್ಸ್ ಮೆನುವಿನಲ್ಲಿ ಕೋಡೆಕ್ ಮಾಹಿತಿ ಸಿಗುತ್ತದೆ. ಫೋಲ್ಡರ್ ಹೆಸರಿನಲ್ಲಿ "24-96" ಎಂದು ಬರೆದಿರುವುದನ್ನು ನಂಬಬೇಡಿ.

ಕೆಲವು ಫೈಲ್‌ಗಳು ಹೆಸರಿಗೆ ಮಾತ್ರ ಹೈ-ರೆಸ್. ಸಿಡಿಯಿಂದ ತೆಗೆದದ್ದನ್ನೇ ಏರಿಸಿಟ್ಟಿರುತ್ತಾರೆ. ಅನುಮಾನ ಬಂದರೆ ಸ್ಪೆಕ್ ಎಂಬ ಸಣ್ಣ ಸಾಫ್ಟ್‌ವೇರ್‌ನಲ್ಲಿ ಸ್ಪೆಕ್ಟ್ರೋಗ್ರಾಮ್ ನೋಡಿ, ಅಂದರೆ ಹಾಡಿನಲ್ಲಿ ಯಾವ ಯಾವ ಆವರ್ತನ ಎಷ್ಟಿದೆ ಎಂಬ ಬಣ್ಣದ ಚಿತ್ರ. 96ರ ಫೈಲ್‌ನಲ್ಲಿ 22 ಕಿಲೋಹರ್ಟ್ಜ್ ಹತ್ತಿರ ಚಾಕುವಿನಲ್ಲಿ ಕತ್ತರಿಸಿದಂತೆ ಎಲ್ಲಾ ನಿಂತುಬಿಟ್ಟಿದ್ದರೆ ಅದು 44.1ರಿಂದ ಬಂದಿರುವ ಸಾಧ್ಯತೆ ಜಾಸ್ತಿ. ಹಳೆಯ ಟೇಪ್ ರೆಕಾರ್ಡಿಂಗ್‌ಗಳಲ್ಲೂ ಮೇಲಿನ ಭಾಗದಲ್ಲಿ ಸಂಗೀತ ಕಮ್ಮಿ ಇರಬಹುದು, ಆದರೆ ಅಲ್ಲಿ ಅದು ನಿಧಾನವಾಗಿ ಮಾಸುತ್ತಾ ಹೋಗುತ್ತದೆ, ಟೇಪ್‌ನ ಸಣ್ಣ ಗದ್ದಲವೂ ಮೇಲೆ ಉಳಿದಿರುತ್ತದೆ.

ಸ್ಟ್ರೀಮಿಂಗ್ ಆಪ್ ಆದರೆ ಗುಣಮಟ್ಟದ ಸೆಟ್ಟಿಂಗ್ ನೋಡಿ. ವೈಫೈಗೆ ಒಂದು, ಮೊಬೈಲ್ ಡೇಟಾಗೆ ಒಂದು, ಡೌನ್‌ಲೋಡ್‌ಗೆ ಇನ್ನೊಂದು ಇರುತ್ತದೆ, ಒಂದನ್ನು ಬದಲಾಯಿಸಿ ಉಳಿದವನ್ನು ಮರೆಯುವವರೇ ಹೆಚ್ಚು. ಆಪಲ್ ಮ್ಯೂಸಿಕ್‌ನಲ್ಲಿ "ಲಾಸ್‌ಲೆಸ್" ಎಂದರೆ 48ರ ತನಕ ಮಾತ್ರ, ಅದಕ್ಕಿಂತ ಮೇಲೆ 192ರ ತನಕ ಬೇಕಾದರೆ "ಹೈ-ರೆಸ್ ಲಾಸ್‌ಲೆಸ್" ಎಂಬುದನ್ನು ಬೇರೆಯಾಗಿ ಆರಿಸಬೇಕು. ಬ್ರೌಸರ್‌ನಲ್ಲಿ ಹಾಡು ಕೇಳುತ್ತಿದ್ದರೆ ಈ ಪರೀಕ್ಷೆಗೆ ಅದನ್ನು ಬಿಟ್ಟುಬಿಡಿ. ಬ್ರೌಸರ್ ಧ್ವನಿ ಸಿಸ್ಟಮ್ ಮಿಕ್ಸರ್ ಮೂಲಕವೇ ಹೋಗುತ್ತದೆ, ರೇಟ್ ನಿಮ್ಮ ಕೈಯಲ್ಲಿರುವುದಿಲ್ಲ.

ಹಂತ 3: ಪೆನ್‌ಡ್ರೈವ್ ಹಾಕಿ ರಿಸೀವರ್ ಒಂದನ್ನೇ ಪರೀಕ್ಷಿಸಿ

ಇದು ಐದು ನಿಮಿಷದ ಕೆಲಸ. ಆದರೂ ಬಹಳ ಜನ ಬಿಟ್ಟುಬಿಡುತ್ತಾರೆ. ರಿಸೀವರ್‌ನಲ್ಲಿ ಯುಎಸ್‌ಬಿ ಕಿಂಡಿ ಇದ್ದರೆ ಅದೇ ಐದು ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿ ನೇರವಾಗಿ ಅಲ್ಲೇ ಆಡಿಸಿ. ಕಂಪ್ಯೂಟರ್ ಇಲ್ಲ, ಕೇಬಲ್ ಇಲ್ಲ, ಟಿವಿ ಇಲ್ಲ. ಇಲ್ಲಿ ಅಂಕಿಗಳು ಸರಿಯಾಗಿ ಬಂದರೆ ರಿಸೀವರ್‌ಗೆ ಆ ರೇಟ್‌ಗಳು ಗೊತ್ತು, ತೊಂದರೆ ಅದಕ್ಕೆ ಮುಂಚಿನ ದಾರಿಯಲ್ಲಿದೆ ಎಂದು ಖಾತ್ರಿಯಾಯಿತು.

ಡ್ರೈವ್ ಕಾಣಿಸದಿದ್ದರೆ ಮೊದಲು ಅದನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ನೋಡಿ, ಬಹಳ ರಿಸೀವರ್‌ಗಳಿಗೆ ಎಕ್ಸ್‌ಫ್ಯಾಟ್ ಓದಲು ಬರುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಡ್ರೈವ್‌ನಲ್ಲಿರುವುದೆಲ್ಲಾ ಹೋಗುತ್ತದೆ, ಬೇಕಾದ್ದನ್ನು ಮೊದಲೇ ತೆಗೆದಿಟ್ಟುಕೊಳ್ಳಿ.

ಇಲ್ಲೇ ಇನ್ನೊಂದು ಗೊಂದಲವನ್ನೂ ಬಗೆಹರಿಸಿಬಿಡುತ್ತೇನೆ. ಹೋಮ್ ಥಿಯೇಟರ್ ರಿಸೀವರ್‌ಗಳ ಮುಂಭಾಗದ ಯುಎಸ್‌ಬಿ ಕಿಂಡಿ ಸಾಮಾನ್ಯವಾಗಿ ಪೆನ್‌ಡ್ರೈವ್‌ಗೆ ಮಾತ್ರ. ಅದಕ್ಕೆ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಸೌಂಡ್ ಕಾರ್ಡ್ ಆಗಿ ಕೆಲಸ ಮಾಡುವುದಿಲ್ಲ. ಕಂಪ್ಯೂಟರ್‌ನಿಂದ ಯುಎಸ್‌ಬಿ ಮೂಲಕ ಆಡಿಯೊ ತೆಗೆದುಕೊಳ್ಳುವ ಮಾದರಿಗಳಲ್ಲಿ ಅದಕ್ಕೆಂದೇ ಬೇರೆ ಕಿಂಡಿ ಇರುತ್ತದೆ, ಹೆಚ್ಚಾಗಿ ಹಿಂದುಗಡೆ, ಚೌಕಾಕಾರದ್ದು.

ಹಂತ 4: ಯಾವ ದಾರಿಯಲ್ಲಿ ಬರುತ್ತಿದೆ?

ಪ್ರತಿ ದಾರಿಗೂ ಒಂದು ಮಿತಿ ಇದೆ. ಸೆಟ್ಟಿಂಗ್‌ನಿಂದ ಆ ಮಿತಿಯನ್ನು ದಾಟಲು ಆಗುವುದಿಲ್ಲ.

ಆಪ್ಟಿಕಲ್ ಕೇಬಲ್, ಅಂದರೆ ತುದಿಯಲ್ಲಿ ಕೆಂಪು ಬೆಳಕು ಕಾಣುವುದು: 96ರ ತನಕ ಸಾಮಾನ್ಯವಾಗಿ ನೆಮ್ಮದಿ. 192 ಕೆಲವು ಸಾಧನಗಳಲ್ಲಿ ಮಾತ್ರ ನಡೆಯುತ್ತದೆ, ಕೇಬಲ್ ಉದ್ದವಾಗಿದ್ದರೆ ಅಥವಾ ಮಡಚಿಹೋಗಿದ್ದರೆ ಅದೂ ಇಲ್ಲ. ಕೋಆಕ್ಸಿಯಲ್ ಡಿಜಿಟಲ್‌ನಲ್ಲಿ 192 ಸಾಮಾನ್ಯವಾಗಿ ಸಲೀಸು, ಎರಡೂ ಕಡೆಯ ಸಾಧನ ಒಪ್ಪಿದರೆ. ಎರಡರಲ್ಲೂ ಪಿಸಿಎಂ ಎರಡು ಚಾನೆಲ್ ಮಾತ್ರ. 5.1 ಚಾನೆಲ್‌ನ ಹೈ-ರೆಸ್ ಫೈಲ್ ಇವುಗಳಲ್ಲಿ ಹೋಗುವುದೇ ಇಲ್ಲ.

ಎಚ್‌ಡಿಎಂಐ: ಎಂಟು ಚಾನೆಲ್, 24 ಬಿಟ್, 192ರ ತನಕ. ಹೈ-ರೆಸ್‌ಗೆ ಇದೇ ವಿಶಾಲವಾದ ದಾರಿ. ಇದರಲ್ಲೂ ಒಂದು ಸಣ್ಣ ಬಲೆ ಇದೆ. ಎಚ್‌ಡಿಎಂಐನಲ್ಲಿ ಆಡಿಯೊಗೆ ಬೇರೆ ತಂತಿ ಇಲ್ಲ, ವಿಡಿಯೊದ ಸಾಲು ಮತ್ತು ಫ್ರೇಮ್‌ಗಳ ನಡುವಿನ ಖಾಲಿ ಜಾಗದಲ್ಲಿ ಅದು ಸೇರಿಕೊಂಡು ಹೋಗುತ್ತದೆ. ಪರದೆಯ ರೆಸಲ್ಯೂಶನ್ 480ಪಿಯಷ್ಟು ಕಮ್ಮಿ ಇದ್ದರೆ ಈ ಜಾಗವೂ ಕಮ್ಮಿ, ಬಹು ಚಾನೆಲ್‌ನ ಹೆಚ್ಚಿನ ರೇಟ್ ಹಿಡಿಸುವುದಿಲ್ಲ. ಹಾಡಿಗೇನು ಪರದೆ ಎಂದು ಕಂಪ್ಯೂಟರ್‌ನ ವಿಡಿಯೊ ಔಟ್‌ಪುಟ್ ಕೆಳಗಿಳಿಸಿಟ್ಟಿದ್ದರೆ ಮತ್ತೆ 1080ಪಿಗೆ ತಂದು ನೋಡಿ.

ಟಿವಿ ನಡುವೆ ಇದ್ದರೆ: ಅತಿ ಹೆಚ್ಚು ತೊಂದರೆ ಇಲ್ಲೇ. ಕಂಪ್ಯೂಟರ್ ಅಥವಾ ಪ್ಲೇಯರನ್ನು ಟಿವಿಗೆ ಹಾಕಿ, ಟಿವಿಯಿಂದ ರಿಸೀವರ್‌ಗೆ ಧ್ವನಿ ತಂದಿದ್ದೀರಾ? ಎಚ್‌ಡಿಎಂಐನಲ್ಲಿ ಸಾಧನಗಳು ಸೇರಿದ ಕೂಡಲೇ ಮುಂದಿನ ಸಾಧನ ತನಗೆ ಏನೇನು ಬರುತ್ತದೆ ಎಂಬ ಪಟ್ಟಿಯನ್ನು ಹಿಂದಿನದಕ್ಕೆ ಕೊಡುತ್ತದೆ. ಈ ಪಟ್ಟಿಗೆ ಇಡಿಐಡಿ ಎನ್ನುತ್ತಾರೆ. ಕಂಪ್ಯೂಟರ್‌ಗೆ ಕಾಣುವುದು ಟಿವಿ ಕೊಟ್ಟ ಪಟ್ಟಿ, ಟಿವಿಗೆ ಗೊತ್ತಿರುವುದು ಅನೇಕ ಸಲ ಎರಡು ಚಾನೆಲ್ ಮತ್ತು 48 ಅಷ್ಟೇ. ಹಿಂದೆ ಎಷ್ಟು ಒಳ್ಳೆಯ ರಿಸೀವರ್ ಇದ್ದರೂ ಕಂಪ್ಯೂಟರ್‌ಗೆ ಅದರ ಸುಳಿವೇ ಸಿಗುವುದಿಲ್ಲ. ಅದರ ಮೇಲೆ ಟಿವಿಯಿಂದ ಧ್ವನಿ ವಾಪಸ್ ತರುವ ಎಆರ್‌ಸಿ ದಾರಿಯಲ್ಲಿ ಪಿಸಿಎಂ ಎರಡೇ ಚಾನೆಲ್. ಇಎಆರ್‌ಸಿ ಆದರೆ ಎಂಟು ಚಾನೆಲ್ 192ರ ತನಕ ಸಾಧ್ಯ, ಆದರೆ ಟಿವಿ ಅದನ್ನು ಹಾಗೇ ದಾಟಿಸಬೇಕಲ್ಲ? ಪರಿಹಾರ ಸರಳ: ಪ್ಲೇಯರನ್ನು ನೇರವಾಗಿ ರಿಸೀವರ್‌ಗೆ ಹಾಕಿ, ರಿಸೀವರ್‌ನಿಂದ ಟಿವಿಗೆ ಚಿತ್ರ ಕಳಿಸಿ. ಎಷ್ಟೋ ಮನೆಗಳ ಸಮಸ್ಯೆ ಈ ಒಂದು ಬದಲಾವಣೆಯಿಂದಲೇ ಮುಗಿಯುತ್ತದೆ.

ಬ್ಲೂಟೂತ್ ಬಿಟ್ಟುಬಿಡಿ. ಎಲ್‌ಡಿಎಸಿ ಕೋಡೆಕ್ (ಧ್ವನಿ ಕುಗ್ಗಿಸುವ ಒಂದು ವಿಧಾನ) 96 ಎಂದು ಹೇಳಿಕೊಂಡರೂ ಗರಿಷ್ಠ 990 ಕಿಲೋಬಿಟ್ ವೇಗಕ್ಕೆ ಕುಗ್ಗಿಸಿಯೇ ಕಳಿಸುತ್ತದೆ, ಸಿಡಿಯ ಪಿಸಿಎಂಗೇ 1,411 ಕಿಲೋಬಿಟ್ ಬೇಕು. ಆಪಲ್ ಸಾಧನಗಳಿಂದ ವೈಫೈ ಮೂಲಕ ಧ್ವನಿ ಕಳಿಸುವ ಹಳೆಯ ಏರ್‌ಪ್ಲೇ 44.1, 16 ಬಿಟ್‌ಗೆ ನಿಲ್ಲುತ್ತದೆ. ಆಪಲ್ ಟಿವಿ 4ಕೆ ಪೆಟ್ಟಿಗೆ 48ಕ್ಕಿಂತ ಮೇಲೆ ಹೋಗುವುದಿಲ್ಲ, ಅಲ್ಲಿ ಸೆಟ್ಟಿಂಗ್ ಹುಡುಕಿ ಸಮಯ ಕಳೆಯಬೇಡಿ.

ಡಿಸ್ಕ್ ಪ್ಲೇಯರ್ ಆದರೆ ಎರಡು ಕಡೆ ನೋಡಿ. ಡಿಜಿಟಲ್ ಔಟ್‌ಪುಟ್ ಮಿತಿ 48 ಎಂದಿದ್ದರೆ ಏರಿಸಿ. ಬ್ಲೂ-ರೇಯಲ್ಲಿ ಸೆಕೆಂಡರಿ ಆಡಿಯೊ ಎಂಬುದನ್ನು ಆಫ್ ಮಾಡಿ, ಅದು ಆನ್ ಇದ್ದರೆ ಪ್ಲೇಯರ್ ಮೆನುವಿನ ಶಬ್ದವನ್ನೂ ಬೆರೆಸಿ ಕಳಿಸಲು ಹೋಗಿ ಮೂಲ ಧ್ವನಿಯನ್ನು ಬದಲಾಯಿಸಿಬಿಡುತ್ತದೆ.

ಹಂತ 5: ಕಂಪ್ಯೂಟರ್ ಮತ್ತು ಫೋನ್

ಶುರು ಮಾಡುವ ಮುನ್ನ ರಿಸೀವರ್ ವಾಲ್ಯೂಮ್ ಪೂರ್ತಿ ಇಳಿಸಿ. ದಯವಿಟ್ಟು ಇದನ್ನು ಹಾರಿಸಬೇಡಿ. ಮುಂದೆ ಹೇಳುವ ಎಕ್ಸ್‌ಕ್ಲೂಸಿವ್ ಮೋಡ್‌ನಲ್ಲಿ ಕಂಪ್ಯೂಟರ್‌ನ ವಾಲ್ಯೂಮ್ ಕೆಲಸ ಮಾಡದೆ ಪೂರ್ತಿ ಮಟ್ಟದಲ್ಲಿ ಧ್ವನಿ ಹೊರಬರಬಹುದು. ಸ್ಪೀಕರ್‌ಗೂ ಕಿವಿಗೂ ಅಪಾಯ.

ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಎಲ್ಲಾ ಆಪ್‌ಗಳ ಧ್ವನಿಯೂ ಒಂದು ಮಿಕ್ಸರ್‌ಗೆ ಬಂದು ಸೇರುತ್ತದೆ. ಹಾಡು, ನೋಟಿಫಿಕೇಶನ್ ಟಿಂಗ್, ವಿಡಿಯೊ ಎಲ್ಲವನ್ನೂ ಒಟ್ಟಿಗೆ ಕೂಡಿಸಬೇಕಾದರೆ ಎಲ್ಲದಕ್ಕೂ ಒಂದೇ ರೇಟ್ ಬೇಕು ಅಲ್ವಾ? ಆ ರೇಟ್ ಯಾವುದು ಎಂದು ನಿರ್ಧರಿಸುವುದು ಡೀಫಾಲ್ಟ್ ಫಾರ್ಮ್ಯಾಟ್ ಎಂಬ ಸೆಟ್ಟಿಂಗ್. ಹಳೆಯ ಸೌಂಡ್ ಕಂಟ್ರೋಲ್ ಪ್ಯಾನೆಲ್ ತೆರೆದು, ನಿಮ್ಮ ಎಚ್‌ಡಿಎಂಐ ಅಥವಾ ಡಿಜಿಟಲ್ ಔಟ್‌ಪುಟ್ ಆರಿಸಿ, ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್ಡ್ ಟ್ಯಾಬ್‌ಗೆ ಹೋದರೆ ಸಿಗುತ್ತದೆ. ಇಲ್ಲಿ 192 ಆರಿಸಿದರೆ ಎಲ್ಲವೂ 192 ಆಗುತ್ತದೆ, ಸಿಡಿ ಹಾಡೂ ಸೇರಿ. ಮೇಲೆ ಎಚ್ಚರಿಸಿದ್ದು ಇದನ್ನೇ, ಇದು ಪರಿಹಾರ ಅಲ್ಲ.

ಪರಿಹಾರ ಎಕ್ಸ್‌ಕ್ಲೂಸಿವ್ ಮೋಡ್. ಪ್ಲೇಯರ್ ಮಿಕ್ಸರನ್ನು ದಾಟಿಕೊಂಡು ಸಾಧನವನ್ನು ತಾನೊಂದೇ ಹಿಡಿದುಕೊಳ್ಳುತ್ತದೆ, ಫೈಲ್‌ಗೆ ತಕ್ಕಂತೆ ರೇಟ್ ಬದಲಾಯಿಸುತ್ತದೆ. ಅದೇ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಎಕ್ಸ್‌ಕ್ಲೂಸಿವ್ ಕಂಟ್ರೋಲ್‌ಗೆ ಅನುಮತಿ ಕೊಡುವ ಟಿಕ್ ಹಾಕಿರಬೇಕು. ಆಮೇಲೆ ಪ್ಲೇಯರ್‌ನಲ್ಲಿ: ಫೂಬಾರ್2000 ಆದರೆ ಔಟ್‌ಪುಟ್ ಪಟ್ಟಿಯಲ್ಲಿ ಸಾಧನದ ಹೆಸರಿನ ಜೊತೆ ಎಕ್ಸ್‌ಕ್ಲೂಸಿವ್ ಎಂದಿರುವುದನ್ನು ಆರಿಸಿ. ಟೈಡಲ್‌ನ ಡೆಸ್ಕ್‌ಟಾಪ್ ಆಪ್‌ನಲ್ಲೂ ಈ ಆಯ್ಕೆ ಇದೆ. "ಸಾಧನ ಬಳಕೆಯಲ್ಲಿದೆ" ಎಂಬ ಎರರ್ ಬಂದರೆ ಬ್ರೌಸರ್ ಮುಚ್ಚಿ, ಇನ್ನೊಂದು ಆಪ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಸ್ಪೇಷಿಯಲ್ ಸೌಂಡ್, ಆಡಿಯೊ ಎನ್‌ಹಾನ್ಸ್‌ಮೆಂಟ್ ಇವನ್ನೂ ಆಫ್ ಮಾಡಿ.

ಮ್ಯಾಕ್‌ನಲ್ಲಿ ಯುಟಿಲಿಟೀಸ್ ಒಳಗೆ ಆಡಿಯೊ ಮಿಡಿ ಸೆಟಪ್ ಇದೆ, ಸಾಧನದ ಫಾರ್ಮ್ಯಾಟ್ ಅಲ್ಲೇ ಬದಲಾಯಿಸಬೇಕು. ಅನೇಕ ಪ್ಲೇಯರ್‌ಗಳು ತಾವಾಗಿ ಬದಲಾಯಿಸುವುದಿಲ್ಲ, ಆಡಿರ್ವಾನಾ, ರೂನ್‌ನಂಥವು ಬದಲಾಯಿಸುತ್ತವೆ. ಲಿನಕ್ಸ್‌ನಲ್ಲಿ ಧ್ವನಿ ನೋಡಿಕೊಳ್ಳುವ ಪೈಪ್‌ವೈರ್ ಮೂಲ ಸೆಟ್ಟಿಂಗ್‌ನಲ್ಲಿ 48ಕ್ಕೆ ನಿಂತಿರುತ್ತದೆ. ಅದರ ಕಾನ್ಫಿಗರೇಶನ್ ಫೈಲ್‌ನಲ್ಲಿ ಅನುಮತಿಸಿದ ರೇಟ್‌ಗಳ ಪಟ್ಟಿಗೆ ಉಳಿದವನ್ನೂ ಸೇರಿಸಿ ಮತ್ತೆ ಶುರು ಮಾಡಿ. ಎರಡು ಆಪ್ ಒಟ್ಟಿಗೆ ಆಡುತ್ತಿದ್ದರೆ ಅದು ರೇಟ್ ಬದಲಾಯಿಸುವುದಿಲ್ಲ, ಪರೀಕ್ಷೆ ವೇಳೆ ಒಂದೇ ಆಡಲಿ.

ಕೋಡಿ ಎಂಬ ಮೀಡಿಯಾ ಪ್ಲೇಯರ್ ಬಳಸುವವರು ಆಡಿಯೊ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಕಾನ್ಫಿಗರೇಶನ್ "ಫಿಕ್ಸೆಡ್" ಇದ್ದರೆ "ಬೆಸ್ಟ್ ಮ್ಯಾಚ್" ಮಾಡಿ. ಸಿಂಕ್ ಪ್ಲೇಬ್ಯಾಕ್ ಟು ಡಿಸ್‌ಪ್ಲೇ ಎಂಬುದನ್ನೂ ಆಫ್ ಮಾಡಿ. ಅದು ಚಿತ್ರದ ವೇಗಕ್ಕೆ ಹೊಂದಿಸಲು ಧ್ವನಿಯನ್ನು ರಿಸ್ಯಾಂಪಲ್ ಮಾಡುತ್ತದೆ.

ಆಂಡ್ರಾಯ್ಡ್ ಫೋನ್ ಸಾಮಾನ್ಯವಾಗಿ ಎಲ್ಲವನ್ನೂ 48ಕ್ಕೆ ತರುತ್ತದೆ. ಯುಎಸ್‌ಬಿ ಡಿಎಸಿ, ಅಂದರೆ ಡಿಜಿಟಲ್ ಅಂಕಿಗಳನ್ನು ಧ್ವನಿಯಾಗಿ ಮಾಡುವ ಸಣ್ಣ ಸಾಧನ, ಸಿಕ್ಕಿಸಿ, ಯುಎಸ್‌ಬಿ ಆಡಿಯೊ ಪ್ಲೇಯರ್ ಪ್ರೊ ತರಹದ ಆಪ್ ಬಳಸಿದರೆ ಇದನ್ನು ದಾಟಬಹುದು.

ಹಂತ 6: ನೆಟ್‌ವರ್ಕ್ ಮೂಲಕ ಕೇಳುತ್ತಿದ್ದರೆ

ಡಿಎಲ್‌ಎನ್‌ಎ ಸರ್ವರ್‌ಗಳಲ್ಲಿ (ಮನೆಯ ನೆಟ್‌ವರ್ಕ್‌ನಲ್ಲಿ ಹಾಡು ಕಳಿಸುವ ಸಾಫ್ಟ್‌ವೇರ್) ಟ್ರಾನ್ಸ್‌ಕೋಡಿಂಗ್ ಎಂಬ ಆಯ್ಕೆ ಇರುತ್ತದೆ, ಅಂದರೆ ಕಳಿಸುವ ಮುನ್ನವೇ ಫೈಲನ್ನು ಬೇರೆ ರೂಪಕ್ಕೆ ಬದಲಾಯಿಸುವುದು. ಆಫ್ ಮಾಡಿ. ಹೆಚ್ಚಿನ ರೇಟ್‌ನಲ್ಲಿ ಮಾತ್ರ ಹಾಡು ನಿಂತು ನಿಂತು ಬಂದರೆ ವೈಫೈ ಮೇಲೆ ಅನುಮಾನ ಪಡಿ. ಎರಡು ಚಾನೆಲ್ 24 ಬಿಟ್ 192ಕ್ಕೆ ಸೆಕೆಂಡಿಗೆ ಸುಮಾರು 9.2 ಮೆಗಾಬಿಟ್ ಬೇಕು, ಫ್ಲಾಕ್ ಆಗಿ ಹೋದರೆ ಅದಕ್ಕಿಂತ ಕಮ್ಮಿ. ದೊಡ್ಡ ಅಂಕಿ ಏನಲ್ಲ, ಆದರೆ ಗೋಡೆಯಾಚೆ ಮಂಕಾದ ವೈಫೈಗೆ ಒಂದೇ ಸಮನೆ ಕೊಡುವುದು ಕಷ್ಟ. ಒಂದು ಲ್ಯಾನ್ ಕೇಬಲ್ ಎಳೆದು ನೋಡಿ, ಉತ್ತರ ಕೂಡಲೇ ಸಿಗುತ್ತದೆ.

ಹಂತ 7: ರಿಸೀವರ್ ಒಳಗೆ ಏನಾಗುತ್ತಿದೆ?

ಇಷ್ಟೆಲ್ಲಾ ಆಗಿ ಪರದೆಯಲ್ಲಿ 192 ಬಂತು ಎಂದುಕೊಳ್ಳಿ. ಅದು ಒಳಗೆ ಬಂದ ಸಿಗ್ನಲ್‌ನ ಅಂಕಿ. ಮುಂದೆ ರಿಸೀವರ್ ಏನು ಮಾಡುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಆಡಿಸ್ಸಿಯಂಥ ರೂಮ್ ಕರೆಕ್ಷನ್, ಅಂದರೆ ಕೋಣೆಯ ಪ್ರತಿಧ್ವನಿಗೆ ತಕ್ಕಂತೆ ಧ್ವನಿ ತಿದ್ದುವ ವ್ಯವಸ್ಥೆ ಆನ್ ಇದ್ದರೆ ಅನೇಕ ರಿಸೀವರ್‌ಗಳು ಲೆಕ್ಕಾಚಾರದ ಹೊರೆ ತಗ್ಗಿಸಲು ಎಲ್ಲವನ್ನೂ 48ಕ್ಕೆ ಇಳಿಸಿ ಕೆಲಸ ಮಾಡುತ್ತವೆ. ಬೇಡವಾದರೆ ಡೈರೆಕ್ಟ್ ಅಥವಾ ಪ್ಯೂರ್ ಡೈರೆಕ್ಟ್ ಮೋಡ್ ಹಾಕಿ, ತಿದ್ದುಪಡಿ ಪಕ್ಕಕ್ಕೆ ಸರಿಯುತ್ತದೆ.

ಆದರೆ ಹಾಕಬೇಕಾ? ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳುತ್ತೇನೆ. ಮನುಷ್ಯರ ಕಿವಿಗೆ ಕೇಳುವ ಮಿತಿ ಸುಮಾರು 20 ಕಿಲೋಹರ್ಟ್ಜ್. 48ರ ಸ್ಯಾಂಪಲ್ ರೇಟ್ 24ರ ತನಕದ ಧ್ವನಿಯನ್ನು ಹಿಡಿದಿಡುತ್ತದೆ. ಕೋಣೆ ಮಾತ್ರ ಕೆಳಗಿನ ಬಾಸ್‌ನಲ್ಲಿ ಕಿವಿಗೆ ಚೆನ್ನಾಗಿ ಗೊತ್ತಾಗುವಷ್ಟು ಏರುಪೇರು ಮಾಡುತ್ತದೆ. ಹಾಗಾಗಿ ಸಾಮಾನ್ಯ ಕೋಣೆಯಲ್ಲಿ, ಗೋಡೆಗೆ ತಾಗಿದ ಸ್ಪೀಕರ್‌ಗಳಿದ್ದರೆ, 48ರಲ್ಲಿ ರೂಮ್ ಕರೆಕ್ಷನ್ ಆನ್ ಇರುವುದೇ 192ರ ಡೈರೆಕ್ಟ್‌ಗಿಂತ ಹೆಚ್ಚು ಲಾಭ. ಎರಡನ್ನೂ ಒಂದೇ ವಾಲ್ಯೂಮ್ ಮಟ್ಟಕ್ಕೆ ತಂದು ಕೇಳಿ ನೋಡಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿಗೆ ಅನಿಸಿಬಿಡುತ್ತದೆ, ಮಟ್ಟ ಸರಿ ಮಾಡದೆ ಹೋಲಿಸಿದರೆ ಉಪಯೋಗವಿಲ್ಲ.

ಹಂತ 8: ಇನ್ನೂ ಉಳಿದ ತೊಂದರೆಗಳು

ಹಾಡಿನ ಮೊದಲ ಒಂದೆರಡು ಸೆಕೆಂಡ್ ಕೇಳಿಸದಿದ್ದರೆ ಅದು ಕೆಟ್ಟಿಲ್ಲ. ರೇಟ್ ಬದಲಾದಾಗ ರಿಸೀವರ್ ಹೊಸ ರೇಟ್‌ಗೆ ಹೊಂದಿಕೊಳ್ಳುವ ತನಕ ಧ್ವನಿ ಮುಚ್ಚಿಡುತ್ತದೆ, ಒಳಗೆ ಟಕ್ ಎಂಬ ಶಬ್ದವೂ ಬರಬಹುದು. ಒಂದೇ ರೇಟ್‌ನ ಹಾಡುಗಳನ್ನು ಒಟ್ಟಿಗೆ ಆಡಿಸಿದರೆ ಇದು ನಿಲ್ಲುತ್ತದೆ. ಬೇರೆ ಬೇರೆ ರೇಟ್‌ಗಳ ಪ್ಲೇಲಿಸ್ಟ್ ಕೇಳುವಾಗ ತೀರಾ ಕಿರಿಕಿರಿ ಆದರೆ ಪ್ಲೇಯರ್‌ನಲ್ಲಿ ಒಂದು ಸ್ಥಿರ ರೇಟ್ ಇಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಹಾಡು ಸ್ವಲ್ಪ ವೇಗವಾಗಿ, ಗಾಯಕರ ದನಿ ಏರಿದಂತೆ ಕೇಳಿದರೆ 44.1ರ ಫೈಲನ್ನು ಯಾರೋ ಲೆಕ್ಕ ಹಾಕದೆ 48 ಎಂದು ಭಾವಿಸಿ ಆಡಿಸುತ್ತಿದ್ದಾರೆ. ವ್ಯತ್ಯಾಸ ಸುಮಾರು ಶೇಕಡ 9, ಶ್ರುತಿ ಒಂದೂವರೆ ಸ್ವರಸ್ಥಾನದಷ್ಟು ಮೇಲೆ ಹೋಗುತ್ತದೆ, ಹಾಡು ಪರಿಚಿತವಾಗಿದ್ದರೆ ತಕ್ಷಣ ಗೊತ್ತಾಗುತ್ತದೆ. ಡ್ರೈವರ್ ಮತ್ತೆ ಹಾಕಿ, ಎರಡೂ ಸಾಧನಗಳನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ.

ಡಿಎಸ್‌ಡಿ ಫೈಲ್ (ಪಿಸಿಎಂಗಿಂತ ಬೇರೆ ರೀತಿಯಲ್ಲಿ ಧ್ವನಿ ಬರೆದಿಟ್ಟದ್ದು) ಆಡಿಸಿದಾಗ ಬರೀ ಹಿಸ್ ಎಂಬ ಶಬ್ದ ಬಂದರೆ ಡಿಒಪಿ ಆನ್ ಇರಬೇಕು. ಅಂದರೆ ಡಿಎಸ್‌ಡಿಯನ್ನು ಪಿಸಿಎಂ ವೇಷದಲ್ಲಿ ಕಳಿಸುವ ವಿಧಾನ. ಡಿಎಸ್‌ಡಿ64 ಇದರಲ್ಲಿ 176.4 ಆಗಿ ಹೋಗುತ್ತದೆ, ಆ ಕಡೆಯವರು ಅದನ್ನು ಗುರುತಿಸದಿದ್ದರೆ ಅಥವಾ ನಡುವೆ ವಾಲ್ಯೂಮ್ ಒಂದಿಷ್ಟು ಬದಲಾದರೂ ಗದ್ದಲ ಮಾತ್ರ ಉಳಿಯುತ್ತದೆ. ಪ್ಲೇಯರ್‌ನಲ್ಲಿ ಡಿಎಸ್‌ಡಿಯನ್ನು ಪಿಸಿಎಂಗೆ ಬದಲಾಯಿಸುವ ಆಯ್ಕೆ ಹಾಕಿ.

ಎಲ್ಲಾ ಸರಿಹೋದ ಮೇಲೆ ಆ ಐದು ಫೈಲ್‌ಗಳನ್ನೂ ಬರೆದಿಟ್ಟ ಪಟ್ಟಿಯನ್ನೂ ಅಳಿಸಬೇಡಿ. ವಿಂಡೋಸ್ ಅಪ್‌ಡೇಟ್, ಹೊಸ ಗ್ರಾಫಿಕ್ಸ್ ಡ್ರೈವರ್, ರಿಸೀವರ್‌ನ ಫರ್ಮ್‌ವೇರ್, ಇವುಗಳಲ್ಲಿ ಯಾವುದಾದರೂ ಬದಲಾದರೆ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಹೋಗಿರಬಹುದು, ಆಗ ಹಂತ 1ನ್ನು ಮತ್ತೊಮ್ಮೆ ಮಾಡಿ.